35 ಡಿಗ್ರಿಯ ಆಚೆಗೆ

ಯಂತ್ರಗಳೊಡನೆ ಪೆಟ್ಟಿಗೆಯಲ್ಲಿ ಬರುವ ಕೈಪಿಡಿಗಳನ್ನು ಆದ್ಯಂತವಾಗಿ ಓದುವ ಜನ ಲೋಕದಲ್ಲಿ ವಿರಳ. ಆ ವಿರಳರಲ್ಲಿ ನಾನೂ ಒಬ್ಬನೆಂದು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವೂ ಇದೆ, ಸಂಕೋಚಕ್ಕಿಂತ ಕಿಂಚಿತ್ ಅಧಿಕವಾದ ಹೆಮ್ಮೆಯೂ ಇದೆ. ಹೊಸ ಫೋನೊಂದು ಮನೆಗೆ ಬಂದಾಗ, ಮಿಕ್ಕವರು ಅದರ ಮುಂದೆ ನಿಂತು ತಮ್ಮ ತಮ್ಮ ಮುಖವನ್ನು ಸೆರೆಹಿಡಿಯುವ ಸಂಭ್ರಮದಲ್ಲಿರುವ ಹೊತ್ತಿಗೆ, ನಾನು ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟಿರುವ ಸೂಕ್ಷ್ಮಾಕ್ಷರಗಳ ಕಾಗದವನ್ನು ಬಿಡಿಸಿ, ಕನ್ನಡಕವನ್ನು ಒರೆಸಿಕೊಂಡು, ಪಾರಾಯಣಕ್ಕೆ ಕುಳಿತುಬಿಡುತ್ತೇನೆ. ಈ ಪಾರಾಯಣದ ಫಲವಾಗಿ ನನಗೆ ಮನವರಿಕೆಯಾಗಿರುವುದೇನೆಂದರೆ, ಕೈಪಿಡಿಗಳನ್ನು ಬರೆಯುವ ಮಹನೀಯರ ಕಣ್ಣ ಮುಂದೆ ಯಾವುದೋ ಒಂದು ದೇಶವಿದೆ. ಅಲ್ಲಿ ಧೂಳು ಏಳುವುದಿಲ್ಲ, ವಿದ್ಯುತ್ತು ಹೇಳದೆ ಕೇಳದೆ ಹೋಗುವುದಿಲ್ಲ, ಹಲ್ಲಿಯು ಪ್ರಿಂಟರಿನ ಒಳಗೆ ಸಂಸಾರ ಹೂಡುವುದಿಲ್ಲ, ಮತ್ತು ಅಲ್ಲಿಯ ಹವೆಯು ಸೊನ್ನೆಗಿಂತ ಕೆಳಗಿಳಿಯದೆ, 35 ಡಿಗ್ರಿಗಿಂತ ಮೇಲೇರದೆ, ಆಜೀವಪರ್ಯಂತ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ. ಆ ಪುಣ್ಯಭೂಮಿ ಎಲ್ಲಿದೆಯೋ ನಾನು ಅರಿಯೆ. ನಮ್ಮೂರಾದ ಮಣ್ಣೂರು ಅದರ ಸರಹದ್ದಿನೊಳಗೆ ಬರುವುದಿಲ್ಲವೆಂಬುದನ್ನು ಮಾತ್ರ ಚೆನ್ನಾಗಿ ಬಲ್ಲೆ.

ಊರ ಮುಂದೆ ಭೀಮಾ ನದಿ, ಹೊಲದಲ್ಲಿ ತೊಗರಿ ಮತ್ತು ಕಬ್ಬು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಮಹಾರಾಷ್ಟ್ರ, ಎಲ್ಲರ ಮೇಲೂ ಯಲ್ಲಮ್ಮನ ಕೃಪೆ, ಅದರ ಮೇಲೆ ಬಿಸಿಲು. ವೈಶಾಖದಲ್ಲಿ ಕಲಬುರಗಿ ಸೀಮೆಯ ಉಷ್ಣತೆಯು 42 ಡಿಗ್ರಿಯನ್ನು ದಾಟಿತೆಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ನನ್ನ ಫೋನಿನ ಕೈಪಿಡಿಯ ಪ್ರಕಾರ, ಅದನ್ನು ಉಪಯೋಗಿಸಲು ಅನುಮತಿಯಿರುವುದು 35 ಡಿಗ್ರಿಯವರೆಗೆ ಮಾತ್ರ. ಉಪಯೋಗಿಸದೆ ಸುಮ್ಮನೆ ಇಟ್ಟುಕೊಳ್ಳುವುದಾದರೆ 45ರವರೆಗೆ ಅಡ್ಡಿಯಿಲ್ಲ. ಅಂದರೆ, ಶಾಸ್ತ್ರವನ್ನು ಅಕ್ಷರಶಃ ಪಾಲಿಸುವ ಮಣ್ಣೂರಿನ ಗೃಹಸ್ಥನು ಬೇಸಿಗೆಯ ಹಗಲಿನಲ್ಲಿ ಫೋನಿನ ಒಡೆಯನಾಗಿರಬಹುದೇ ಹೊರತು, ಅದರಲ್ಲಿ ಮಾತನಾಡುವಂತಿಲ್ಲ. ಇದು ತಯಾರಕರ ಹಟವಲ್ಲ. ಲಿಥಿಯಂ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆಗಳು ಕಾವಿನಲ್ಲಿ ಅತಿವೇಗವಾಗಿ ನಡೆದು, ಅದರ ಧಾರಣಶಕ್ತಿಯು ಮರಳಿ ಬಾರದಂತೆ ಕುಂದುತ್ತದೆ. ಆದಕಾರಣ ಫೋನು ತನ್ನನ್ನು ತಾನೇ ಕಾಪಾಡಿಕೊಳ್ಳಲು ಮೊದಲು ತೆರೆಯ ಬೆಳಕನ್ನು ತಗ್ಗಿಸುತ್ತದೆ, ಬಳಿಕ ಚಾರ್ಜನ್ನು ನಿರಾಕರಿಸುತ್ತದೆ, ಕಡೆಗೆ ಮೌನವ್ರತವನ್ನು ಕೈಗೊಳ್ಳುತ್ತದೆ.

ಆ ಮೌನವ್ರತದ ಪ್ರಥಮ ದರ್ಶನವು ನನಗಾದದ್ದು ಒಂದು ಮೇ ತಿಂಗಳ ಮಧ್ಯಾಹ್ನ, ಊರಿಗೆ ಊರೇ ಬಾಗಿಲು ಮುಂದೆ ಮಾಡಿಕೊಂಡು ಮಲಗಿದ್ದ ಸಮಯದಲ್ಲಿ. ಬತ್ತಿದ ಭೀಮೆಯ ಪಾತ್ರದ ವಿಡಿಯೋವನ್ನು ಪರಮ ಸ್ಪಷ್ಟತೆಯಲ್ಲಿ ತೆಗೆಯಬೇಕೆಂಬ ಕಲಾಭಿಲಾಷೆಯಿಂದ ನಾನು ಮಾಳಿಗೆಯನ್ನೇರಿ, ಫೋನನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ, ಸ್ವತಃ ನೆರಳಿನಲ್ಲಿ ಕುಳಿತಿದ್ದೆನು. ಸ್ವಲ್ಪ ಹೊತ್ತಿನ ಮೇಲೆ ಹೋಗಿ ನೋಡುತ್ತೇನೆ, ನದಿಯಿಲ್ಲ, ದಂಡೆಯಿಲ್ಲ, ಆಕಾಶವೂ ಇಲ್ಲ. ಕಪ್ಪು ತೆರೆಯ ಮೇಲೆ ಒಂದು ಉಷ್ಣಮಾಪಕದ ಚಿತ್ರ, ಅದರಡಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು. ಅದನ್ನು ಮುಟ್ಟಿದರೆ ಬೆರಳು ಚುರ್ರೆಂದಿತು. ಹೆಗಲ ಮೇಲಿನ ಟವೆಲ್ಲಿನಲ್ಲಿ ಅದನ್ನು ಹಸುಗೂಸಿನ ಹಾಗೆ ಸುತ್ತಿಕೊಂಡು, ನಿಚ್ಚಣಿಕೆಯ ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿದು, ಪಡಸಾಲೆಗೆ ಬಂದೆನು.

ಆಯಿ ಎಚ್ಚರವಾಗಿದ್ದಳು. “ಯಾಕೋ ತಮ್ಮಾ, ಅದಕ್ಕೇನಾಗ್ಯಾದ?” ಎಂದಳು.

“ಕಾವು ಏರ್ಯಾದ, ಆಯಿ.”

ಆಯಿ ಅಂಗೈಯ ಹಿಂಬದಿಯನ್ನು ಫೋನಿನ ಬೆನ್ನಿಗೆ ಮುಟ್ಟಿಸಿ, ನಮ್ಮ ಮನೆತನದ ಎಲ್ಲ ಮಕ್ಕಳ ಜ್ವರವನ್ನೂ ಅಳೆದ ಅನುಭವದಿಂದ ಒಂದು ಕ್ಷಣ ಕಣ್ಣು ಮುಚ್ಚಿ, “ಬಿಸಿಲು ಬಡದಾದ. ಅಂಗಿ ತಗಿ ಮೊದಲ” ಎಂದು ಅಪ್ಪಣೆ ಕೊಟ್ಟಳು. ವೈಜ್ಞಾನಿಕವಾಗಿಯೂ ಅದು ನಿರ್ದುಷ್ಟವಾದ ಸಲಹೆ. ನಾನು ಕವಚವನ್ನು ಕಳಚಿದೆ. ತರುವಾಯ ಬೀಸಣಿಗೆಯು ಬಂದಿತು. ಆದರೆ 42 ಡಿಗ್ರಿಯ ಗಾಳಿಯನ್ನು ಎಷ್ಟು ಬೀಸಿದರೂ ಅದು 42 ಡಿಗ್ರಿಯದೇ ಆಗಿರುತ್ತದೆಂದು ನಾನು ವಿವರಿಸುತ್ತಿರುವಷ್ಟರಲ್ಲಿ, ನಿದ್ರಾಭಂಗವಾದ ಕಾಕಾ ಎದ್ದು ಬಂದು, ಒದ್ದೆಯಾದ ಫೋನನ್ನು ಅಕ್ಕಿಯಲ್ಲಿ ಹುಗಿಯುವುದನ್ನು ತಾನು ಎಲ್ಲಿಯೋ ಕಂಡಿರುವುದಾಗಿಯೂ, ನಮ್ಮ ಕಡೆ ಅಕ್ಕಿಗೇನು ಕೆಲಸ, ಜೋಳದ ಚೀಲದಲ್ಲಿಯೇ ಹುಗಿಯಬಹುದೆಂದೂ ಸೂಚಿಸಿದನು. ಅಕ್ಕಿಯ ಉಪಚಾರವನ್ನು 2024ರಲ್ಲಿ ಆಪಲ್ ಕಂಪನಿಯೇ ಬೇಡವೆಂದು ಹೇಳಿದೆ, ಅದರ ನುಚ್ಚು ಕಿಂಡಿಯೊಳಗೆ ಸೇರುತ್ತದೆ, ಮೇಲಾಗಿ ಇಲ್ಲಿರುವುದು ನೀರಿನ ಬಾಧೆಯಲ್ಲ, ಬೆಂಕಿಯ ಬಾಧೆ ಎಂದು ನಾನು ವಾದಿಸಿದೆ. ಪಕ್ಕದ ಮನೆಯ ಹುಡುಗನೊಬ್ಬ ಫ್ರಿಜ್ಜಿನ ಪ್ರಸ್ತಾಪವನ್ನೆತ್ತಿದನು. ಕಾದದ್ದನ್ನು ಒಮ್ಮೆಲೇ ತಣ್ಣಗೆ ಮಾಡಿದರೆ ಒಳಗೆ ತೇವ ಕಟ್ಟುತ್ತದೆಂದು ಅವನನ್ನೂ ತಡೆದೆನು. ಆಯಿ ಇಷ್ಟೂ ಹೊತ್ತು ಒಂದು ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು, ಅದರ ಒಂದು ಹೋಳನ್ನು ಫೋನಿನ ತಲೆಯ ಬಳಿಯಲ್ಲಿಯೂ ಇನ್ನೊಂದನ್ನು ಕಾಲಿನ ಬಳಿಯಲ್ಲಿಯೂ ಇರಿಸುತ್ತಿದ್ದಳು. ಫೋನಿಗೆ ತಲೆ ಯಾವುದು, ಕಾಲು ಯಾವುದು ಎಂಬುದನ್ನು ಅವಳು ಹೇಗೆ ನಿಶ್ಚಯಿಸಿದಳೋ ತಿಳಿಯದು. ಕ್ಯಾಮೆರಾ ಇದ್ದ ಕಡೆ ತಲೆಯೆಂಬ ಅವಳ ತೀರ್ಮಾನವನ್ನು ಯಾರೂ ಪ್ರಶ್ನಿಸಲಿಲ್ಲ.

“ಅದ್ರಾಗ ಏನು ಬರದಾದ?” ಎಂದು ಅವಳು ಕೇಳಿದಳು.

“ತಣ್ಣಗಾಗೋತನಕ ನನಗ ಮುಟ್ಟಬ್ಯಾಡ್ರಿ ಅಂತ ಬರದಾದ.”

“ಶಾಣ್ಯಾ ಅದ. ನಿನಗಿಂತ ಅದಕ್ಕ ತಿಳೀತದ.”

ಕಾಕಾ ಮಾತ್ರ ನಿಟ್ಟುಸಿರು ಬಿಟ್ಟು, “ಹ್ವಾದ ವರ್ಷ ನನಗ ಬಿಸಿಲು ಬಡದಾಗ ಬರೀ ಒಂದು ಗಿಲಾಸ್ ಮಜ್ಜಿಗಿ ಕೊಟ್ಟು ಮಲಗ್ಸಿದ್ರಿ” ಎಂದನು. ಆ ಸಭೆಯಲ್ಲಿ ಇದಕ್ಕೆ ಉತ್ತರ ಕೊಡಬಲ್ಲವರು ಯಾರೂ ಇರಲಿಲ್ಲ.

ಕೊನೆಗೆ ರೋಗಿಯನ್ನು ಗುಣಪಡಿಸಿದ್ದು ನೆಲ. ನಮ್ಮ ಪಡಸಾಲೆಗೆ ಹಾಸಿರುವುದು ನಮ್ಮ ಜಿಲ್ಲೆಯ ಶಹಾಬಾದದ ಫರಸಿ. ಮೇಲೆ ಎಂಥ ಬಿಸಿಲಿದ್ದರೂ ಅಡಿಯ ಮಣ್ಣಿನ ತಂಪನ್ನು ಬಿಡದ ಆ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಬೆನ್ನು ಹಚ್ಚಿ ಮಲಗಿಸಿದ ಸ್ವಲ್ಪ ಹೊತ್ತಿಗೆ, ಫೋನಿನ ಕಾವೆಲ್ಲ ಕಲ್ಲಿಗೆ ಇಳಿದು, ಅದು ಕಣ್ತೆರೆಯಿತು. ತೆರೆದೊಡನೆ ಅದು ಮಾಡಿದ ಮೊದಲ ಕೆಲಸವೆಂದರೆ, ಅಷ್ಟು ಹೊತ್ತಿನಿಂದ ತಡೆದಿಟ್ಟುಕೊಂಡಿದ್ದ ಶುಭೋದಯದ ಸಂದೇಶಗಳನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದ್ದು. ಶ್ರೇಯಸ್ಸು ಫರಸಿಗೆ ಸಲ್ಲಬೇಕೆಂದು ನಾನೆಂದರೂ, ಊರಿನಲ್ಲಿ ಪ್ರಚಾರವಾದದ್ದು ಉಳ್ಳಾಗಡ್ಡಿಯ ಮಹಿಮೆಯೇ.

ನನ್ನ ಮೇಜಿನ ಮಿಕ್ಕ ವೈಭವವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಎರಡು ಪರದೆಗಳು, ವಿದ್ಯುತ್ತು ಹೋದೊಡನೆ ಅವೆರಡನ್ನೂ ಬದುಕಿಸುವ ಬದಲು ಕೀಚ್ ಕೀಚ್ ಎಂದು ಕೂಗಿ ನನ್ನನ್ನೇ ಗಾಬರಿಪಡಿಸುವ ಯುಪಿಎಸ್ಸು, ಒಂದೊಂದು ಕೀಲಿಗೂ ಒಂದೊಂದು ಸ್ಪ್ರಿಂಗುಳ್ಳ, ಟಕಟಕನೆ ನುಡಿಯುವ ಮೆಕ್ಯಾನಿಕಲ್ ಕೀಲಿಮಣೆ. ಕಿನ್ನಿಕಂಬಳ ಪದ್ಮನಾಭ ರಾಯರು ನಮ್ಮ ವರ್ಣಮಾಲೆಯನ್ನೆಲ್ಲ ಇಂಗ್ಲಿಷಿನ 26 ಕೀಲಿಗಳೊಳಗೆ ಅಡಗಿಸಿದ ಚಮತ್ಕಾರವನ್ನು ನೆನೆಯುತ್ತ, ಮಧ್ಯರಾತ್ರಿಯಲ್ಲಿ ಒತ್ತಕ್ಷರಗಳನ್ನು ಕುಟ್ಟುವ ಸುಖವನ್ನು ನಾನು ಯಾವ ರಾಜ್ಯಕ್ಕೂ ಕೊಡಲಾರೆ, ಆದರೆ ಒಳಕೋಣೆಯಿಂದ ಆಯಿ, “ಇಷ್ಟೊತ್ನಾಗ ಯಾರು ರೊಟ್ಟಿ ಬಡೀಲಿಕತ್ತಾರ?” ಎಂದು ಕೂಗಿದಾಗ ಕೆಳದನಿಯ ಸ್ವರಗಳಿಗೆ ಮಾತ್ರ ಸೀಮಿತನಾಗಬೇಕಾಗುತ್ತದೆ. ಇನ್ನು ಸಿಗ್ನಲ್ಲಿನ ಸಂಗತಿ. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯನ್ನು ಹೈದರಾಬಾದ್ ರಾಜ್ಯದಿಂದ ಬಿಡಿಸಿ ಮೈಸೂರು ರಾಜ್ಯಕ್ಕೆ ಸೇರಿಸಿದ ವಾರ್ತೆಯು ಮೊಬೈಲು ಟವರುಗಳಿಗೆ ಬಹುಕಾಲ ತಲುಪಿರಲಿಲ್ಲವೆಂದು ತೋರುತ್ತದೆ. ಮಾಳಿಗೆಯ ಒಂದು ಮೂಲೆಯಲ್ಲಿ ನಾನು ಕರ್ನಾಟಕದ ಪ್ರಜೆ, ಇನ್ನೊಂದು ಮೂಲೆಗೆ ಸರಿದರೆ ಮಹಾರಾಷ್ಟ್ರಕ್ಕೆ ಸ್ವಾಗತ. ರೋಮಿಂಗ್ ಶುಲ್ಕವಿದ್ದ ದಿನಗಳಲ್ಲಿ ಅತ್ತ ಸರಿದು ಆಕಳಿಸಿದರೂ ಹಣ ಕಡಿತವಾಗುತ್ತಿತ್ತು.

ಯಂತ್ರಪ್ರಿಯನೆಂದು ಹೆಸರಾದವನಿಗೆ ಊರಿನಲ್ಲಿ ಪ್ರಾಪ್ತವಾಗುವ ಪದವಿಯು ಸಂಬಳವಿಲ್ಲದ ಕಾರಕೂನನದು. ರೈತರೇ ತಮ್ಮ ಬೆಳೆಯ ಸಮೀಕ್ಷೆಯನ್ನು ಮಾಡಿಕೊಳ್ಳಲೆಂದು 2020ರಲ್ಲಿ ಸರ್ಕಾರವು ಆ್ಯಪನ್ನು ತಂದಂದಿನಿಂದ ನನ್ನ ಜಗುಲಿಯು ತೆರವಾಗಿದ್ದೇ ಇಲ್ಲ. ಸರ್ವೆ ನಂಬರಿನ ಗಡಿಯೊಳಗೆ ನಿಂತೇ ತೊಗರಿಯ ಫೋಟೋ ತೆಗೆಯಬೇಕೆಂದು ಎಷ್ಟು ಹೇಳಿದರೂ, “ನೀವೇ ಬಂದು ಜರಾ ಹೊಡದು ಕೊಡ್ರಿ” ಎನ್ನುವವರು. ಓಟಿಪಿಯನ್ನು ಯಾರಿಗೂ ಹೇಳಬಾರದೆಂದು ಬೋಧಿಸಿ ಕಳುಹಿಸಿದ ಮೇಲೆ, ಓಣಿಯ ಆಚೆಯ ತುದಿಯಿಂದ ಅದೇ ಓಟಿಪಿಯನ್ನು ಊರಿಗೆಲ್ಲ ಕೇಳುವಂತೆ ನನಗೆ ಕೂಗಿ ಹೇಳುವವರು. ನನಗೆ ಸಿಟ್ಟು ಬರುವುದುಂಟು. ಉಪಕರಣವನ್ನು ಜೇಬಿನಲ್ಲಿಟ್ಟುಕೊಂಡು ಅದನ್ನು ತಿಳಿಯುವ ಕಷ್ಟವನ್ನು ಪರರಿಗೆ ವಹಿಸುವ ಈ ಸ್ವಭಾವವು ನನಗೆ ಇಂದಿಗೂ ಸಹ್ಯವಾಗಿಲ್ಲ. ಆದರೆ ಸೊನ್ನೆಯಿಂದ 35ರವರೆಗಿನ ದೇಶದವರು ಆಂಗ್ಲದಲ್ಲಿ ಬರೆದ ಕೈಪಿಡಿಯನ್ನು ಅವರ ಕೈಗೆ ಕೊಟ್ಟು, ಓದಿಕೊಳ್ಳಿರೆಂದು ಹೇಳುವುದಾದರೂ ಹೇಗೆ?

ಅದೇ 2020ರ ಅಕ್ಟೋಬರಿನಲ್ಲಿ ಭೀಮೆ ಬಂದಳು. ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಸುರಿದು, ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ನೀರು ಬಿಟ್ಟರು. ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳಿಗೆ ಹೊಳೆ ನುಗ್ಗಿತು. ಅಕ್ಷರವನ್ನೇ ಅರಿಯದ ಆಯಿ ಅಂದು ಗಳಿಗೆಗೊಮ್ಮೆ, “ಉಜನ್ಯಾಗಿಂದ ಎಷ್ಟು ಕ್ಯೂಸೆಕ್ ಬಿಟ್ಟಾರ, ನೋಡು” ಎಂದು ಕೇಳುತ್ತಿದ್ದಳು. ನದಿಯ ದಂಡೆಯಲ್ಲಿ ಬದುಕಿದವರಿಗೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಎಂಬ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ನಾನು ಪರದೆಗಳನ್ನೂ ಕೀಲಿಮಣೆಯನ್ನೂ ಚೀಲಕ್ಕೆ ತುಂಬಿ ಅಟ್ಟಕ್ಕೇರಿಸುವಷ್ಟರಲ್ಲಿ ವಿದ್ಯುತ್ತು ಹೋಯಿತು; ಮಾಳಿಗೆಯ ಎರಡೂ ಮೂಲೆಗಳಲ್ಲಿ ಸಿಗ್ನಲನ್ನು ಅರಸಿ ಅರಸಿ ನನ್ನ ಮಹಾಫೋನಿನ ಬ್ಯಾಟರಿಯು ಸಂಜೆಗೆ ಬರಿದಾಯಿತು. ಆಮೇಲೆ ನಮ್ಮ ಓಣಿಗೆ ವಾರ್ತೆ ತಂದದ್ದು, ಕತ್ತಲಲ್ಲಿ ದಾರಿ ತೋರಿದ್ದು, ದಂಡೆಯಲ್ಲಿದ್ದ ಬೀಗರನ್ನು ಎತ್ತರದ ನೆಲಕ್ಕೆ ಹೊರಡಿರೆಂದು ಎಬ್ಬಿಸಿದ್ದು, ಎಲ್ಲವೂ ಕಾಕಾನ ಗುಂಡಿಯ ಫೋನು. ಅದರ ಕೈಪಿಡಿಯನ್ನು ಯಾರೂ ಓದಿರಲಿಲ್ಲ. ಉಷ್ಣಮಾಪಕದ ಚಿತ್ರವನ್ನು ಅದು ಎಂದೂ ತೋರಿಸಿರಲಿಲ್ಲ.

ಇಷ್ಟಾದರೂ ನನ್ನ ವ್ಯಸನವೇನೂ ಇಳಿದಿಲ್ಲ. ಯಂತ್ರವು ತನ್ನ ದೇಶದಲ್ಲಿ ಹೇಗೆ ಮೆರೆಯುವುದೆಂಬುದನ್ನು ಕೈಪಿಡಿ ಹೇಳುತ್ತದೆ, ನಮ್ಮ ದೇಶದಲ್ಲಿ ಹೇಗೆ ಬಾಳುವುದೆಂಬುದನ್ನು ಬಿಸಿಲು ಮತ್ತು ಹೊಳೆ ಹೇಳುತ್ತವೆ. ಎರಡನ್ನೂ ಓದುವುದು ನನ್ನ ಪಾಲಿಗೆ ಬಂದಿದೆ. ಭೀಮೆಯ ದಂಡೆಯ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಬೇಸಿಗೆಯಲ್ಲಿ ಫೋನನ್ನು ಫರಸಿಯ ಮೇಲೆ ಮಲಗಿಸಿ, ಉಳ್ಳಾಗಡ್ಡಿಯನ್ನು ರೊಟ್ಟಿಯ ಜೊತೆಗೆ ನೀವೇ ತಿನ್ನಿ, ಮಳೆಗಾಲದಲ್ಲಿ ಮಾತ್ರ, ಉಜನಿ ತುಂಬಿತೆಂಬ ಸುದ್ದಿ ಬಂದೊಡನೆ, ಗುಂಡಿಯ ಫೋನೊಂದನ್ನು ಪೂರ್ತಿಯಾಗಿ ಚಾರ್ಜು ಮಾಡಿ ಹಿರಿಯರ ಕೈಯಲ್ಲಿಡಿ.