ಅಭ್ಯಾಸ ರೌಟರ್ ಮೀಮಾಂಸೆ: ತೂಬಗೆರೆ ಪ್ರಕರಣ

ಶಾಸ್ತ್ರಗ್ರಂಥಕ್ಕೆ ಅನುಬಂಧ ನಾಲ್ಕಿರಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಗ್ರಂಥದ ವಿಷಯ: ಸಿಸ್ಕೊ 1841 ಎಂಬ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೇ ಸಾಮಾನಿನ ರಾಶಿಯಿಂದ ಉದ್ಧಾರವಾಗಿ ಬಂದ ರೌಟರ್. ಅಧಿಕಾರಿ: ದೊಡ್ಡಬಳ್ಳಾಪುರ ತಾಲ್ಲೂಕು ತೂಬಗೆರೆ ಹೋಬಳಿಯಲ್ಲಿದ್ದು ಸಿಸಿಎನ್‌ಎ ಪರೀಕ್ಷೆಗೆ ಓದುತ್ತಿರುವ ಹುಡುಗ. ಪ್ರಯೋಜನ: ಕೆಲಸ ಸಿಗುವುದು. ಸಂಬಂಧ: ಮನೆಯ ಬ್ರಾಡ್‌ಬ್ಯಾಂಡ್ ತಂತಿ. ಆ ತಂತಿಯನ್ನು ಕಿತ್ತು ಈ ಡಬ್ಬಕ್ಕೆ ಸಿಕ್ಕಿಸಿದ ಕೂಡಲೇ ಮನೆಯ ಉಳಿದ ಸಂಬಂಧಗಳು ಕೆಡುವುದರಿಂದ ನಾಲ್ಕನೆಯದನ್ನೇ ಮುಖ್ಯವಾಗಿ ವಿಚಾರಿಸಬೇಕಾಗಿದೆ.

ಪೂರ್ವಪಕ್ಷಿ ಕೇಳುತ್ತಾನೆ: ಪ್ಯಾಕೆಟ್ ಟ್ರೇಸರ್ ಇದೆ, ಜಿಎನ್‌ಎಸ್3 ಇದೆ, ಲ್ಯಾಪ್‌ಟಾಪಿನೊಳಗೇ ಹತ್ತು ರೌಟರ್ ಜೋಡಿಸಿ ಆಡಬಹುದು. ಈ ತಗಡಿನ ಡಬ್ಬವೇಕೆ, ಇದರ ಫ್ಯಾನಿನ ಗದ್ದಲವೇಕೆ? ಗದ್ದಲದ ಆಕ್ಷೇಪ ನಿಲ್ಲದು. ವಿದ್ಯುತ್ ಮಗ್ಗದ ತಾಲ್ಲೂಕಿನಲ್ಲಿ ಹುಟ್ಟಿದವರು ಒಂದು ಫ್ಯಾನಿಗೆ ಹೆದರಿದರೆಂದರೆ ಕೇಳಿದವರು ನಕ್ಕಾರು. ಉಳಿದದ್ದಕ್ಕೆ ಸಿದ್ಧಾಂತ ಹೀಗೆ. ಪ್ಯಾಕೆಟ್ ಟ್ರೇಸರಿನಲ್ಲಿ ಬರೆದ ಕಂಪ್ಯೂಟರುಗಳ ಮುಂದೆ ಯಾರೂ ಕೂತಿರುವುದಿಲ್ಲ. ಅಲ್ಲಿ ಜಾಲ ಸತ್ತರೆ ಕೆಂಪು ತ್ರಿಕೋನವೊಂದು ಕಾಣುತ್ತದೆ, ಅಷ್ಟೆ. ಮನೆಯಲ್ಲಿ ಸತ್ತರೆ ಅಪ್ಪನಿಗೆ ಶಿಡ್ಲಘಟ್ಟದ ಗೂಡಿನ ದರ ಬರುವುದಿಲ್ಲ. ಅಜ್ಜಿಯ ಧಾರಾವಾಹಿಯಲ್ಲಿ ಅತ್ತೆ ಕೈ ಎತ್ತಿದವಳು ಎತ್ತಿದಂತೆಯೇ ಇರುತ್ತಾಳೆ, ಏಟು ಬಿತ್ತೋ ಇಲ್ಲವೋ ತಿಳಿಯುವುದಿಲ್ಲ. ಬೈಯುವವರಿಲ್ಲದ ಜಾಲ ಆಟಿಕೆ. ಬೈಯುವವರಿದ್ದರೆ ಅದೇ ಉದ್ಯೋಗ. ಈ ವಿದ್ಯೆಯಲ್ಲಿ ಗುರುಸ್ಥಾನ ಮನೆಮಂದಿಯದೇ.

ರೌಟರನ್ನು ಕೆರೆಯ ತೂಬಿಗೆ ಹೋಲಿಸುವ ಆಸೆ, ಅದರಲ್ಲೂ ತೂಬಗೆರೆಯಲ್ಲಿ ಕೂತವರಿಗೆ, ಬರುವುದು ಸಹಜ. ಅದು ಅಸಾಧು. ನೀರಿಗೆ ವಿಳಾಸವಿಲ್ಲ, ತೂಬು ದಾಟಿದ ಮೇಲೆ ಯಾರ ಗದ್ದೆಯಾದರೂ ಅದಕ್ಕೆ ಸೈ, ಹೋದ ನೀರು ಉತ್ತರ ತರಲು ತಿರುಗಿ ಬರುವುದೂ ಇಲ್ಲ. ಹೋಲಿಕೆ ಬೇಕೇ ಬೇಕೆಂದರೆ ಇದೇ ಹೋಬಳಿಯ ಘಾಟಿ ಕ್ಷೇತ್ರಕ್ಕೆ ಹೋಗಿ ಕೈಮುಗಿಯಬೇಕು. ಅಲ್ಲಿ ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ನ್ಯಾಟ್ ಎಂಬ ತತ್ತ್ವವೂ ಹೀಗೆಯೇ: ಒಂದು ಪೋರ್ಟಿಗೆ ‘ಇನ್‌ಸೈಡ್’, ಇನ್ನೊಂದಕ್ಕೆ ‘ಔಟ್‌ಸೈಡ್’ ಎಂದು ಎರಡು ಮುಖ ಕೊಡದೆ ಅದು ಒಲಿಯುವುದಿಲ್ಲ. ಮೂವತ್ತೆರಡು ಬಿಟ್ಟಿನ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಲೋಕಕ್ಕೆ ಸಾಲವೆಂದು ಕಂಡು 1994ರಲ್ಲಿ ಆರ್‌ಎಫ್‌ಸಿ 1631 ಈ ತತ್ತ್ವವನ್ನು ಸಾರಿತು. 1996ರ ಆರ್‌ಎಫ್‌ಸಿ 1918, 192.168 ಮುಂತಾದ ಮೂರು ವಂಶಗಳನ್ನು ಮನೆಯೊಳಗಿನ ಬಳಕೆಗೆ ಬಿಟ್ಟುಕೊಟ್ಟಿತು. ಘಾಟಿಯಲ್ಲಿ ಭಕ್ತರು ಹಿಂದಿನ ಮುಖವನ್ನು ಕನ್ನಡಿಯಲ್ಲಿ ನೋಡುತ್ತಾರೆ. ಹುಡುಗ ‘ಶೋ ಐಪಿ ನ್ಯಾಟ್ ಟ್ರಾನ್ಸ್‌ಲೇಷನ್ಸ್’ ಎಂದು ಟೈಪಿಸಿ ನೋಡುತ್ತಾನೆ.

ಡಬ್ಬವನ್ನು ಎಲ್ಲಿಡಬೇಕೆಂಬಲ್ಲಿ ಪಂಥ ಎರಡು. ಮುಂಬಾಗಿಲ ಪಂಥದವರು ನೆಟ್ಟಿನವರು ಕೊಟ್ಟ ಪೆಟ್ಟಿಗೆಯನ್ನು ಬ್ರಿಡ್ಜ್ ಮಾಡಿ, 1841ರಿಂದಲೇ ಪಿಪಿಪಿಒಇ ಕಟ್ಟಿ ಇಡೀ ಮನೆಯನ್ನು ಅದರ ಹಿಂದೆ ನಿಲ್ಲಿಸುತ್ತಾರೆ. ಇವರ ಮೊದಲ ವಿಘ್ನ ಪಾಸ್‌ವರ್ಡು. ಅದು ಲೈನ್ ಎಳೆಯಲು ಬಂದಿದ್ದವನ ಫೋನಿನಲ್ಲಿ ಮಾತ್ರ ಇರುತ್ತದೆ. ಎರಡನೆಯದು ಸೂಕ್ಷ್ಮ. ಪಿಪಿಪಿಒಇ 1500 ಬೈಟಿನಲ್ಲಿ 8 ಬೈಟು ತನಗೆಂದು ಮುರಿದುಕೊಳ್ಳುತ್ತದೆ, ಉಳಿಯುವುದು 1492. ಇದನ್ನು ಲೆಕ್ಕಿಸದಿದ್ದರೆ ಪಿಂಗ್ ಹೋಗಿಬರುತ್ತದೆ, ಕೆಲವು ಪುಟ ತೆರೆಯುತ್ತವೆ, ಕೆಲವು ಅರ್ಧಕ್ಕೇ ಸುತ್ತುತ್ತಿರುತ್ತವೆ. ಅಪ್ಪ ನೋಡಬೇಕೆಂದ ಪುಟ ಸದಾ ಸುತ್ತುವ ವರ್ಗಕ್ಕೇ ಸೇರಿರುತ್ತದೆಂಬುದು ಅವ್ಯಭಿಚಾರಿ ವ್ಯಾಪ್ತಿ. ‘ಐಪಿ ಟಿಸಿಪಿ ಅಡ್ಜಸ್ಟ್-ಎಂಎಸ್‌ಎಸ್ 1452’ ಎಂಬ ಒಂದು ಸಾಲು ಇದಕ್ಕೆ ಔಷಧ. ಆದರೆ 1841ರ ಎರಡೂ ಪೋರ್ಟು ನೂರು ಎಂಬಿಪಿಎಸ್ಸಿಗೆ ಮೀರವು. ಇನ್ನೂರರ ಪ್ಲಾನಿಗೆ ದುಡ್ಡು ಕಟ್ಟುವ ತಂದೆಗೆ ಇದಕ್ಕೆ ಔಷಧವಿಲ್ಲ.

ಹಿತ್ತಿಲ ಪಂಥದವರು ವಿನಯವಂತರು. ಮನೆಯ ಪೆಟ್ಟಿಗೆಯನ್ನು ಮುಟ್ಟದೆ ಅದರ ಹಿಂದೆ ಅಭ್ಯಾಸದ ಡಬ್ಬವನ್ನಿಟ್ಟು ಎರಡೆರಡು ನ್ಯಾಟ್ ಮಾಡುತ್ತಾರೆ. ನೆಟ್ಟಿನವರೇ 100.64ರಿಂದ ಶುರುವಾಗುವ ಹಂಚಿಕೆಯ ವಿಳಾಸ ಕೊಟ್ಟಿದ್ದರೆ ಅದು ಮೂರನೆಯ ನ್ಯಾಟ್. ಪಾಪ, ಪ್ಯಾಕೆಟ್ಟು ಊರು ಬಿಡುವ ಮೊದಲೇ ಮೂರು ಜನ್ಮ ಎತ್ತಿರುತ್ತದೆ. ನನ್ನ ಒಲವು ಈ ಪಂಥದ ಕಡೆಗೇ. ಆದರೂ ಇಲ್ಲಿ ಒಂದು ಮಹಾಪಾತಕಕ್ಕೆ ಎಡೆಯುಂಟು: ಡಿಎಚ್‌ಸಿಪಿ ಹಂಚುವ ಒಳಮುಖದ ತಂತಿಯನ್ನು ಮರೆತು ಮನೆಯ ಪೆಟ್ಟಿಗೆಗೇ ಸಿಕ್ಕಿಸುವುದು. ಆಗ ವಿಳಾಸ ಕೊಡುವ ಯಜಮಾನರು ಇಬ್ಬರಾಗುತ್ತಾರೆ. ಯಾರು ಮೊದಲು ಉತ್ತರಿಸಿದರೆ ಅವರ ಮಾತು ನಂಬುವುದು ಟಿವಿಯ ಜಾತಿಧರ್ಮ. ವೈಫೈ ಕಡ್ಡಿ ಪೂರ್ತಿ ಇರುತ್ತದೆ, ನೆಟ್ ಇರುವುದಿಲ್ಲ. “ಏನ್ ಮಾಡ್ದ್ಯೋ, ಟೀವಿ ಸುಮ್ನೆ ತಿರುಗ್ತಾನೇ ಐತಲ್ಲೋ!” ಎಂಬ ವಾಕ್ಯ ಹೊರಬೀಳುವುದು ಈ ಸಂದರ್ಭದಲ್ಲಿ.

ಸಣ್ಣ ಟಿಪ್ಪಣಿ. ಈ ರೌಟರಿನ ಪೋರ್ಟುಗಳು ಹುಟ್ಟಿನಿಂದಲೇ ಮುಚ್ಚಿಕೊಂಡಿರುತ್ತವೆ. ತೆರೆಯಲು ‘ನೋ ಶಟ್‌ಡೌನ್’ ಎನ್ನಬೇಕು. ಅಭಾವದ ಅಭಾವವೇ ಭಾವವೆಂಬ ನ್ಯಾಯಮತ ಕ್ಯಾಲಿಫೋರ್ನಿಯಕ್ಕೂ ತಲುಪಿರುವುದಕ್ಕೆ ಇದು ಸಾಕ್ಷಿ. ಕಲಿತದ್ದನ್ನೆಲ್ಲ ‘ರೈಟ್’ ಎಂದು ಬರೆಸಿಡದಿದ್ದರೆ ಕರೆಂಟು ಹೋದಾಗ ಅದೂ ಹೋಗುತ್ತದೆ; ಹಳ್ಳಿಯ ಹುಡುಗರು ಈ ಪಾಠವನ್ನು ನಗರದವರಿಗಿಂತ ಬೇಗ ಕಲಿಯುತ್ತಾರೆ.

ಇನ್ನು ನೆಟ್ ಇದೆಯೇ ಇಲ್ಲವೇ ಎಂದು ತಿಳಿಯುವ ಬಗೆ. ನೈಯಾಯಿಕರಿಗೆ ಪ್ರಮಾಣ ನಾಲ್ಕು. ಪ್ರತ್ಯಕ್ಷವೆಂದರೆ ಹಸಿರು ದೀಪ. ತಂತಿ ಸಿಕ್ಕಿದೆ ಎನ್ನುವುದಕ್ಕಿಂತ ಹೆಚ್ಚು ಅದಕ್ಕೇನೂ ಗೊತ್ತಿಲ್ಲ. ಅನುಮಾನವೆಂದರೆ 8.8.8.8ಕ್ಕೆ ಪಿಂಗ್, ಡಿಎನ್‌ಎಸ್ ಕೆಟ್ಟಿದ್ದರೆ ಇಲ್ಲಿ ಹೊಗೆಯಿದ್ದೂ ಬೆಂಕಿಯಿಲ್ಲ. ಉಪಮಾನವೆಂದರೆ ಪಕ್ಕದ ಮನೆಯವರನ್ನು “ನಿಮ್ಗ್ ಬತ್ತೈತಾ?” ಎಂದು ಕೇಳುವುದು. ಶಬ್ದವೆಂದರೆ ಆಪ್ತವಾಕ್ಯ. ಸಹಾಯವಾಣಿಯ ಮುದ್ರಿತ ಧ್ವನಿಯನ್ನು ಆಪ್ತವೆನ್ನಲು ಯಾವ ದರ್ಶನವೂ ಒಪ್ಪದು. ಆದ್ದರಿಂದ ಅಜ್ಜಿಯ ಕೂಗೇ ಶಬ್ದಪ್ರಮಾಣ, ಅದೇ ಪ್ರಬಲ.

ಕೊನೆಗೆ ಅನುಷ್ಠಾನಕಾಲ. ಬೆಳಿಗ್ಗೆ ಗೂಡಿನ ಹರಾಜಿನ ಹೊತ್ತು ವರ್ಜ್ಯ. ಹಗಲು ತಂಗಿಯ ಆನ್‌ಲೈನ್ ಪಾಠ, ಸಂಜೆಯಿಂದ ಹತ್ತೂವರೆವರೆಗೆ ಧಾರಾವಾಹಿ, ಆಮೇಲೆ ಅಮ್ಮ ಕೆನಡಾದ ತಮ್ಮನೊಂದಿಗೆ ಮಾತಾಡುವ ವಿಡಿಯೊ ಕಾಲ್. ಉಳಿಯುವುದು ನಡುರಾತ್ರಿ ಒಂದರಿಂದ ನಾಲ್ಕು. ಆದರೆ ಆಗ ಶಬ್ದಪ್ರಮಾಣ ಮಲಗಿರುತ್ತದೆ. ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೆಳಿಗ್ಗೆ ಆರಕ್ಕೆ ಸುಪ್ರಭಾತ ಹಾಕಲು ಅಜ್ಜಿ ರಿಮೋಟ್ ಎತ್ತಿಕೊಂಡಾಗಲೇ ನಿರ್ಣಯವಾಗಬೇಕು.