ಮುಯ್ಯಿ ಸಿದ್ಧಾಂತ: ಆಮ್ಲ–ಪ್ರತ್ಯಾಮ್ಲಗಳ ಅಧ್ಯಯನಕ್ಕೊಂದು ಪೀಠಿಕೆ

ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು ಎಂಬ ಪ್ರಶ್ನೆಯನ್ನು ಪ್ರಯೋಗಶಾಲೆಯಲ್ಲಿ ಕೂತು ಬಿಡಿಸಲು ಹೊರಟವರೆಲ್ಲ ಸುತ್ತುದಾರಿ ಹಿಡಿದಿದ್ದಾರೆಂಬುದು ಪ್ರಸ್ತುತ ಪ್ರಬಂಧಕಾರನ ವಿನಮ್ರ ಅಭಿಪ್ರಾಯ. ಈ ಶಾಸ್ತ್ರದ ನಿಜವಾದ ಕ್ಷೇತ್ರ ಕಲ್ಯಾಣಮಂಟಪ. ಕ್ಷೇತ್ರಕಾರ್ಯಕ್ಕೆಂದೇ ಪ್ರಬಂಧಕಾರನು ಸೋದರತ್ತೆಯ ಮೊಮ್ಮಗಳ ಮದುವೆಗೆ ಹೋಗಿ, ಎರಡನೇ ಪಂಕ್ತಿಯಲ್ಲಿ ಕೂತು, ಮೂರು ಸಲ ಸಾರು ಹಾಕಿಸಿಕೊಂಡು ಮಾಹಿತಿ ಸಂಗ್ರಹಿಸಿದ್ದಾನೆ. ಮೂಲ ಆಕರವು ಅವನ ಪಂಚೆಯ ಮೇಲೆಯೇ ದೊರಕಿತು. ಅದರ ಗತಿ ಏನಾಯಿತೆಂಬುದನ್ನು ಯಥಾಸ್ಥಾನದಲ್ಲಿ ನಿವೇದಿಸಲಾಗುವುದು.

ಮೊದಲು ಪೂರ್ವಪಕ್ಷ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೆ ಎಂಬ ಪಂಡಿತ, ಹುಳಿಗೆಲ್ಲ ಒಂದೇ ಅನಿಲ ಮೂಲವೆಂದು ನಂಬಿ ಅದಕ್ಕೆ ‘ಹುಳಿ ಹುಟ್ಟಿಸುವಂಥದ್ದು’ ಎಂಬರ್ಥದ ಗ್ರೀಕ್ ಹೆಸರಿಟ್ಟ. ನಾವೂ ಭಕ್ತಿಯಿಂದ ಅದನ್ನು ಆಮ್ಲಜನಕ ಎಂದು ಕರೆದೆವು. 1810ರ ಹೊತ್ತಿಗೆ ಇಂಗ್ಲೆಂಡಿನ ಹಂಫ್ರಿ ಡೇವಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಈ ಜನಕನ ಸುಳಿವೇ ಇಲ್ಲವೆಂದು ತೋರಿಸಿದ. ಹುಳಿಯ ನಿಜವಾದ ಜನಕ ಪಕ್ಕದ ಮನೆಯ ಜಲಜನಕ. ಜನನ ಪತ್ರದಲ್ಲಿ ತಂದೆಯ ಹೆಸರು ತಪ್ಪಾಗಿದೆಯೆಂದು ಇಷ್ಟು ಸ್ಪಷ್ಟವಾದ ಮೇಲೂ ತಿದ್ದುಪಡಿಗೆ ಯಾರೂ ಅಫಿಡವಿಟ್ ಹಾಕಿಲ್ಲ. ಶಾಲೆಯ ಮಕ್ಕಳು ಇಂದಿಗೂ ತಪ್ಪು ಹೆಸರನ್ನೇ ಉಸಿರಾಡುತ್ತಿದ್ದಾರೆ.

ಆಮೇಲೆ ಸ್ವೀಡನ್ನಿನ ಅರ‍್ಹೇನಿಯಸ್. ಉಪ್ಪು, ಹುಳಿ, ಕ್ಷಾರಗಳು ನೀರಿಗೆ ಬಿದ್ದಾಗ ವಿದ್ಯುತ್ ಹೊತ್ತ ಅಯಾನುಗಳಾಗಿ ಬಿಡಿಬಿಡಿಯಾಗುತ್ತವೆ ಎಂಬ ವಿಚಾರದ ಬೀಜ ಇವನ 1884ರ ಪ್ರಬಂಧದಲ್ಲಿತ್ತು. ಉಪ್ಸಾಲಾದ ಪರೀಕ್ಷಕರು ಜಿಪುಣತನದಿಂದ ಕೆಳದರ್ಜೆ ಕೊಟ್ಟು ಕಳಿಸಿದರು. 1903ರಲ್ಲಿ ಅವನಿಗೆ ನೊಬೆಲ್ ಬಂತು. (ನನ್ನ ಮಾರ್ಗದರ್ಶಕರು ಈ ವಾಕ್ಯವನ್ನು ಎರಡು ಸಲ ಓದಬೇಕಾಗಿ ಪ್ರಾರ್ಥನೆ.)

ಇನ್ನು ಸಿದ್ಧಾಂತ. ಮಂಟಪದ ಬಾಗಿಲ ಬಳಿ ಒಂದು ಮೇಜು, ಅದರ ಹಿಂದೆ ಕನ್ನಡಕದ ಚಿಕ್ಕಪ್ಪ, ಕೈಯಲ್ಲಿ ಉದ್ದನೆಯ ನೋಟುಪುಸ್ತಕ. ‘ಶಿವಮೊಗ್ಗದ ಷಡ್ಡಕರು, 501’ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಾರೆ. ಕೊಟ್ಟವರ ಹೆಸರು ಏರಿದ ಕ್ಷಣದಿಂದಲೇ ಅವರು ಮುಂದೊಂದು ದಿನ ಪಡೆಯಲು ಅರ್ಹರು. 1923ರಲ್ಲಿ ಕೋಪನ್‌ಹೇಗನ್ನಿನ ಬ್ರಾನ್‌ಸ್ಟೆಡ್, ಇಂಗ್ಲೆಂಡಿನ ಲೋರಿ ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದು ಇದನ್ನೇ: ಪ್ರೋಟಾನು ಕೊಟ್ಟವನು ಆಮ್ಲ, ತೆಗೆದುಕೊಂಡವನು ಪ್ರತ್ಯಾಮ್ಲ, ಕೊಟ್ಟಾದ ಮೇಲೆ ಆಮ್ಲವೇ ಕೈಚಾಚುವ ಪ್ರತ್ಯಾಮ್ಲವಾಗುತ್ತದೆ. ಇಬ್ಬರಲ್ಲಿ ಒಬ್ಬರೂ ನಮ್ಮ ಚಿಕ್ಕಪ್ಪನ ಪುಸ್ತಕವನ್ನು ಉಲ್ಲೇಖಿಸಿಲ್ಲ.

ಕೊಡುವವರಲ್ಲೂ ತರತಮವುಂಟು. ಹೈಡ್ರೋಕ್ಲೋರಿಕ್ ಆಮ್ಲ ಧಾರಾಳಿ; ನೀರನ್ನು ಕಂಡ ಕೂಡಲೇ ಇದ್ದಬದ್ದ ಪ್ರೋಟಾನೆಲ್ಲ ಕೊಟ್ಟು, ವಾಪಸು ಬಂದೀತೆಂದು ಕಾಯುವುದೂ ಇಲ್ಲ. ವಿನೆಗರಿನ ಅಸಿಟಿಕ್ ಆಮ್ಲವೋ, ಇನ್ನೂರು ಅಣುಗಳಿದ್ದರೆ ಸುಮಾರು ಒಂದು ಮಾತ್ರ ಕೈಬಿಚ್ಚುತ್ತದೆ. ಅದೂ ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಕಿತ್ತುಕೊಳ್ಳುತ್ತಿರುತ್ತದೆ. ನೀರು ಎರಡೂ ಕಡೆಯ ನೆಂಟ. ಧಾರಾಳಿಯ ಎದುರು ಪಡೆಯುತ್ತದೆ, ಅಮೋನಿಯಾದ ಎದುರು ಕೊಡುತ್ತದೆ. ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಅದನ್ನು ಕೇಳಬಾರದು, ಯಾರ ಪಕ್ಕ ಕೂತಿದೆ ಎಂದು ನೋಡಬೇಕು. ಕೊಟ್ಟದ್ದು ತೆಗೆದುಕೊಂಡದ್ದು ಸರಿಹೋದರೆ ಕೊನೆಗೆ ಉಳಿಯುವುದು ಉಪ್ಪು ಮತ್ತು ನೀರು. ಹೆಣ್ಣು ಕಳಿಸಿಕೊಟ್ಟ ಸಂಜೆ ತಂದೆಯ ಕಣ್ಣಲ್ಲಿ ಪ್ರಬಂಧಕಾರನು ಕಂಡದ್ದೂ ಅವೆರಡನ್ನೇ.

ಅದೇ 1923ರಲ್ಲಿ ಅಮೆರಿಕದ ಲೂಯಿಸ್, ಲೆಕ್ಕ ಹಾಕಬೇಕಾದ್ದು ಪ್ರೋಟಾನನ್ನಲ್ಲ, ಎಲೆಕ್ಟ್ರಾನುಗಳ ಜೋಡಿಯನ್ನು ಎಂದ. ಆ ಜೋಡಿಯನ್ನು ಪಡೆದವನೇ ಆಮ್ಲ, ಕೊಟ್ಟವನು ಪ್ರತ್ಯಾಮ್ಲ. ನೋಟಿನ ಬದಲು ಜೋಡಿ ಸ್ಟೀಲು ಲೋಟ ತಂದವರದ್ದೇ ಬೇರೆ ಪಟ್ಟಿ ಎಂದು ಚಿಕ್ಕಪ್ಪನೂ ಒಪ್ಪುತ್ತಾರೆ. ಇಲ್ಲಿಗೆ ಸಾಕು.

ಅಳತೆಯ ಮಾತು. ಕಾರ್ಲ್ಸ್‌ಬರ್ಗ್ ಬಿಯರಿನವರ ಪ್ರಯೋಗಶಾಲೆಯಲ್ಲಿದ್ದ ಸೋರೆನ್ಸನ್ 1909ರಲ್ಲಿ ಪಿಎಚ್ ಎಂಬ ಮಾಪನ ತಂದ. ಶುದ್ಧ ನೀರು 7. ಅಂಕ ಕಡಿಮೆಯಾದಷ್ಟೂ ಹುಳಿ ಜಾಸ್ತಿ, ನಮ್ಮ ರ‍್ಯಾಂಕಿನ ಹಾಗೆ. ಒಂದು ಮೆಟ್ಟಿಲಿಗೆ ಹತ್ತುಪಟ್ಟು ವ್ಯತ್ಯಾಸವಾದ್ದರಿಂದ, 2ರ ಆಸುಪಾಸಿನ ನಿಂಬೆರಸದಲ್ಲಿ ಹೈಡ್ರೋಜನ್ ಅಯಾನುಗಳು ನೀರಿಗಿಂತ ಲಕ್ಷಪಟ್ಟು. ಅಡುಗೆ ಭಟ್ಟರ ಮಾಪನದಲ್ಲಿ ಇಷ್ಟು ಅಂಕಗಳಿಲ್ಲ. “ಹುಳಿ ಒಂಚೂರು ಮುಂದಾಯ್ತೇನ್ ಸ್ವಾಮಿ?” ಎಂದು ಬಗ್ಗಿ ಕೇಳಿದರು. ಉತ್ತರಿಸುವ ಆತುರದಲ್ಲಿ ದೊನ್ನೆ ವಾಲಿ, ಸಾರು ಪಂಚೆಗಿಳಿಯಿತು.

ಅರಿಶಿನದ ಹಳದಿ ಕಲೆ, ಅಂಗೈ ಅಗಲ. ಸೋಪು ಹಚ್ಚಿ ಉಜ್ಜಿದರೆ ಕೆಂಪಾಯಿತು! ಸೋಪು ಕ್ಷಾರ, ಕ್ಷಾರ ತಗುಲಿದರೆ ಅರಿಶಿನದ ಕರ್ಕ್ಯುಮಿನ್ ಕೆಂಪಾಗುತ್ತದೆ. ವಧೂವರರ ಎದುರು ಸುಣ್ಣ–ಅರಿಶಿನ ಕದಡಿ ಎತ್ತಿದ ಆರತಿಯ ನೀರೂ ಇದೇ ಕಾರಣಕ್ಕೆ ಕೆಂಪು; ಲಿಟ್ಮಸ್ ಕಾಗದ ಕ್ಷಾರಕ್ಕೆ ನೀಲಿಯಾದರೆ ನಮ್ಮ ತಟ್ಟೆ ಕೆಂಪಾಗುತ್ತದೆ, ಅಷ್ಟೇ. ಸೋದರತ್ತೆ ದಾಟಿಹೋಗುತ್ತಾ, “ಏನೋ ಇದು, ಮಗೂ ಥರ ಚೆಲ್ಕೊಂಡಿದೀಯ, ನಿಂಬೆಹಣ್ಣು ಹಿಂಡೋ” ಎಂದರು. ಹಿಂಡಿದೆ. ಮತ್ತೆ ಹಳದಿ! ಸೋಪು, ಕೆಂಪು, ನಿಂಬೆ, ಹಳದಿ. ಕೈತೊಳೆಯುವ ನಲ್ಲಿಯ ಬಳಿ ಏಳು ಸಲ ಪುನರಾವರ್ತಿಸಿದೆ. ಹಿಂದಿನ ಸಾಲು ಬಾಗಿಲವರೆಗೆ ಬೆಳೆಯಿತು.

ಈ ಅಮೂಲ್ಯ ದಾಖಲೆಯನ್ನು ಮಡಿಚಿ ಮನೆಗೆ ತಂದು, ಗಾಜು ಹಾಕಿಸಬೇಕೆಂದು ಕಪಾಟಿನ ಮೇಲಿಟ್ಟಿದ್ದೆ. ಮರುದಿನ ನಾನು ಪೀಠಿಕೆ ಬರೆಯುತ್ತಿದ್ದಾಗ ಮನೆಯಾಕೆ ಅದನ್ನು ಒಗೆದು ತಾರಸಿಯ ತಂತಿಗೆ ಹರವಿದಳು. ಕರ್ಕ್ಯುಮಿನ್ ಬಿಸಿಲಿಗೆ ನಿಲ್ಲುವುದಿಲ್ಲ. ಸಂಜೆ ಪಂಚೆ ಅಚ್ಚ ಬಿಳಿ. “ಕಲೆ ಹೋಯ್ತು ನೋಡ್ರೀ” ಎಂದು ಕೈಗೆ ಕೊಟ್ಟಳು. ಎರಡನೇ ಸಂಪುಟದ ಆಕರಕ್ಕಾಗಿ ಮುಂದಿನ ಲಗ್ನದವರೆಗೆ ಕಾಯಬೇಕಿದೆ.