ಸದರಿ ಅರ್ಜಿಯೊಂದಿಗೆ ಸಂದರ್ಶನ

ಮನಃಶಾಸ್ತ್ರ ಎಂ.ಎ., ಎಂ.ಎಸ್ಸಿ. ಪ್ರವೇಶದ ಅರ್ಜಿ ವರ್ಷಕ್ಕೊಮ್ಮೆ ಕಾಣಿಸಿಕೊಳ್ಳುವ ಜೀವಿ. ಪದವಿಯ ಕೊನೆಯ ಸೆಮಿಸ್ಟರ್ ಫಲಿತಾಂಶದ ಆಸುಪಾಸಿನಲ್ಲಿ ಹುಟ್ಟಿ ಕೊನೆಯ ದಿನಾಂಕದ ನಡುರಾತ್ರಿ ಸಾಯುತ್ತದೆ. ದಂಡಶುಲ್ಕ ಕಟ್ಟಿಸಿಕೊಂಡು ಇನ್ನೊಂದು ವಾರ ಉಸಿರಾಡುವುದೂ ಉಂಟು. ಹಿಂದೆ ಇದಕ್ಕೆ ಕಾಗದದ ಮೈ ಇತ್ತು, ಚಲನ್ ಹಿಡಿದು ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಿತ್ತು. ಈಗಿನ ವಾಸ ಪೋರ್ಟಲ್‌ಗಳಲ್ಲಿ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯವರು ಇದನ್ನು ಹೆಚ್ಚಾಗಿ ಭೇಟಿಯಾಗುವುದು ಸೈಬರ್ ಸೆಂಟರಿನಲ್ಲಿ. ಇಡೀ ಆಯುಷ್ಯ ಪ್ರಶ್ನೆ ಕೇಳುವುದರಲ್ಲೇ ಕಳೆದ ಕಾರಣ ಇದಕ್ಕೆ ಉತ್ತರ ಹೇಳಿ ರೂಢಿಯಿಲ್ಲ, ತನ್ನನ್ನು ‘ನಾನು’ ಎಂದುಕೊಳ್ಳುವ ಪದ್ಧತಿಯೂ ಇಲ್ಲ. ಸರ್ವರ್ ಬಿಡುವಾಗಿದ್ದ ಹೊತ್ತಿನಲ್ಲಿ ಅದು ಕೊಟ್ಟ ಉತ್ತರಗಳು ಇವು.

ಪ್ರಶ್ನೆ: ಸೇರಲು ಅರ್ಹರು ಯಾರು?

ಅರ್ಜಿ: ಪದವಿಯಲ್ಲಿ ಮನಃಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದಿದವರಿಗೆ ಮೊದಲ ಮಣೆ. ಬೇರೆ ವಿಷಯದವರನ್ನು ಕೆಲವು ವಿಶ್ವವಿದ್ಯಾಲಯಗಳು ಒಳಗೆ ಬಿಡುತ್ತವೆ, ಕೆಲವು ಬಿಡುವುದಿಲ್ಲ. ಅಂಕದ ಮಿತಿಯೂ ಒಂದೊಂದು ಕಡೆ ಒಂದೊಂದು. ಕೇಂದ್ರೀಯ ವಿಶ್ವವಿದ್ಯಾಲಯ ಬೇಕೆಂದರೆ ಸಿಯುಇಟಿ-ಪಿಜಿ ಬರೆಯಬೇಕು, ಅದರ ಅರ್ಜಿಯೇ ಬೇರೆ. ಅದು ಸದರಿ ಅರ್ಜಿಯ ದಾಯಾದಿ. ಪರಸ್ಪರ ಮಾತುಕತೆ ಇಲ್ಲ.

ಪ್ರಶ್ನೆ: ಈ ಭಾಗದಲ್ಲಿ ಬಿ.ಎ. ಎಂದರೆ ಹೆಚ್ಚಿನವರ ಪಾಲಿಗೆ ಎಚ್‌ಇಪಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದವರ ಗತಿ?

ಅರ್ಜಿ: ಹಂಪಿ ಪಕ್ಕದಲ್ಲೇ ಇರುವಾಗ ಇತಿಹಾಸಕ್ಕೆ ಬರವಿಲ್ಲ. ರಾಜಕೀಯ ಊರ ಚಹಾದಂಗಡಿಯಲ್ಲೇ ಸಿಗುತ್ತದೆ. ಮನಸ್ಸು ಕಾಂಬಿನೇಶನ್ನಿನಲ್ಲಿ ಬರುವುದು ಅಪರೂಪ. ಹದಿನೇಳನೆಯ ವಯಸ್ಸಿನಲ್ಲಿ, ಬಸ್ ಪಾಸು ಸಿಗುವ ಕಾಲೇಜು ಯಾವುದು ಎಂದು ನೋಡಿ ಆರಿಸಿದ ವಿಷಯ ಇಪ್ಪತ್ತೊಂದರಲ್ಲಿ ಬಾಗಿಲು ಮುಚ್ಚಿದರೆ ಅದಕ್ಕೆ ಸದರಿ ಅರ್ಜಿ ಹೊಣೆಯಲ್ಲ.

ಪ್ರಶ್ನೆ: ಹತ್ತಿರದಲ್ಲೇ ವಿಶ್ವವಿದ್ಯಾಲಯಗಳಿವೆಯಲ್ಲ?

ಅರ್ಜಿ: ಇವೆ. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕನ್ನಡ ಭಾಷೆ, ಸಂಸ್ಕೃತಿಯ ಸಂಶೋಧನೆಗೆ ಮೀಸಲು. ಬಳ್ಳಾರಿಯಲ್ಲಿ 2010ರಿಂದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ಸಂಡೂರಿನ ನಂದಿಹಳ್ಳಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರ. ಗಣಿ ನಾಡಿಗೆ ತಕ್ಕಂತೆ ನಂದಿಹಳ್ಳಿ ಹೆಸರಾದದ್ದು ಖನಿಜ ಸಂಸ್ಕರಣೆಯಂಥ ಓದಿಗೆ. ಅದಿರಿಗೆ ಗಿರಾಕಿ ಇದ್ದಾರೆ. ಮನಃಶಾಸ್ತ್ರ ಎಂದವರು ಸಾಮಾನ್ಯವಾಗಿ ಕಲಬುರಗಿ, ಧಾರವಾಡ, ಬೆಂಗಳೂರು, ಮೈಸೂರು ಎಂದು ಟಿಕೆಟ್ ತೆಗೆಸುತ್ತಾರೆ. ಹಂಪಿ ಎಕ್ಸ್‌ಪ್ರೆಸ್ ಇರುವುದೇ ಅದಕ್ಕೆ ಎಂದು ಸದರಿ ಅರ್ಜಿಯ ಊಹೆ.

ಪ್ರಶ್ನೆ: ಮೈಸೂರಿನ ಹೆಸರು ಬಂದಾಗ ದನಿ ಮೆತ್ತಗಾಯಿತು.

ಅರ್ಜಿ: ಮನೆತನದ ಮೂಲ ಅಲ್ಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ದೇಶದಲ್ಲಿ ಕಲ್ಕತ್ತ ಬಿಟ್ಟರೆ ಅದೇ ಮೊದಲು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಪಳಗಿದವರು. 1935ರಲ್ಲಿ ಅವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು. ‘ಆಕಾಶವಾಣಿ’ ಆ ಕೇಂದ್ರದ ಹೆಸರು, ಆಮೇಲೆ ಇಡೀ ದೇಶದ್ದಾಯಿತು. ಆ ಕಾಲಕ್ಕೆ ಓಟಿಪಿ ಇರಲಿಲ್ಲ. ಇದ್ದಿದ್ದರೆ ಪ್ರಾಧ್ಯಾಪಕರಿಗೆ ರೇಡಿಯೋ ಕಟ್ಟಲು ಪುರಸೊತ್ತು ಎಲ್ಲಿ?

ಪ್ರಶ್ನೆ: ಅರ್ಜಿ ತುಂಬುವ ಕ್ರಮ ಹೇಗೆ?

ಅರ್ಜಿ: ಮೊದಲು ಮೊಬೈಲ್ ಸಂಖ್ಯೆ. ಅದು ಅಪ್ಪನದು, ಅಪ್ಪ ಕಂಪ್ಲಿಯ ಗದ್ದೆಯಲ್ಲಿ. “ಓಟಿಪಿ ಬಂತೇನವಾ, ಲಗೂ ಹೇಳು” ಎಂದು ಸೆಂಟರಿನವನು ಅವಸರ ಮಾಡುತ್ತಾನೆ. ಮಗಳು ಫೋನ್ ಹಚ್ಚುತ್ತಾಳೆ, ಅಪ್ಪ ಕನ್ನಡಕ ಹುಡುಕಿ ಓದುವಷ್ಟರಲ್ಲಿ ಸಂಖ್ಯೆಯ ಅವಧಿ ಮುಗಿದಿರುತ್ತದೆ. ಎರಡನೆಯ ಸಲಕ್ಕೆ ಗೆದ್ದರೆ ಹೆಸರು. ಇಲ್ಲಿ ಹುಲಿಗೆಮ್ಮ, ಪಂಪಾಪತಿ, ಹನುಮಂತ ಎಂಬ ಒಂಟಿ ಹೆಸರುಗಳೇ ಜಾಸ್ತಿ, ಪೋರ್ಟಲಿಗೆ ಕೊನೆಯ ಹೆಸರೂ ಬೇಕು. ಕೆಲವರು ಅಪ್ಪನ ಹೆಸರು ಹಾಕುತ್ತಾರೆ, ಕೆಲವರು ಊರಿನದು, ಕೆಲವರು ಬರೀ ಚುಕ್ಕೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನಾಪತ್ತೆ. ಒಬ್ಬರೇ ಮೂವರಾಗಿ ಬಂದರೆ ಸದರಿ ಅರ್ಜಿ ಯಾರನ್ನು ಸೇರಿಸಿಕೊಳ್ಳಬೇಕು? ಆಮೇಲೆ ಫೋಟೋ, ಸಹಿ, ಇಷ್ಟೇ ಕೆಬಿ ಒಳಗೆ. ಕುಗ್ಗಿಸಿ ಕುಗ್ಗಿಸಿ ಮುಖದ ಗುರುತು ಹೋದ ಮೇಲೆ ಅಪ್‌ಲೋಡ್ ಆಗುತ್ತದೆ. ಕಡೆಗೆ ‘ನಾನು ರೋಬೋಟ್ ಅಲ್ಲ’ ಎಂದು ಟಿಕ್ ಹಾಕಬೇಕು.

ಪ್ರಶ್ನೆ: ಮನುಷ್ಯರ ಮನಸ್ಸು ಓದಲು ಬಂದವರಿಗೆ ಆ ಪ್ರಶ್ನೆಯೇ?

ಅರ್ಜಿ: ಇಡೀ ನಮೂನೆಯಲ್ಲಿ ಅರ್ಜಿದಾರರ ಅಂತರಂಗವನ್ನು ವಿಚಾರಿಸುವುದು ಅದೊಂದೇ. ಮನಃಶಾಸ್ತ್ರ ಯಾಕೆ ಬೇಕು ಎಂಬುದಕ್ಕೆ ಕಾಲಂ ಇಲ್ಲ. ಆ ಪ್ರಶ್ನೆಯನ್ನು ಊರಿನವರು ಪುಕ್ಕಟೆ ಕೇಳುತ್ತಾರೆ. “ಹುಚ್ಚರ ಡಾಕ್ಟ್ರಾಗ್ತೀಯೇನು? ಸುಮ್ನೆ ಬಿ.ಎಡ್. ಮಾಡು” ಎಂಬುದು ಅದರ ಜೊತೆಗೆ ಬರುವ ಉಚಿತ ಸಮಾಲೋಚನೆ.

ಪ್ರಶ್ನೆ: ಲಗತ್ತುಗಳು?

ಅರ್ಜಿ: ಅಂಕಪಟ್ಟಿ, ಟಿ.ಸಿ., ಬೇರೆ ವಿಶ್ವವಿದ್ಯಾಲಯದಿಂದ ಬಂದವರಿಗೆ ಮೈಗ್ರೇಶನ್, ನಾಡಕಚೇರಿಯ ಜಾತಿ-ಆದಾಯ ಪತ್ರ. ಪತ್ರದ ಮೇಲಿನ ಆರ್‌ಡಿ ಸಂಖ್ಯೆ ಹಾಕಿದರೆ ಅವು ತಾವೇ ಎದ್ದು ಬರಬೇಕೆಂಬುದು ನಿಯಮ. ಬಂದ ದಿನ ಹಬ್ಬ. ಎಲ್ಲಕ್ಕಿಂತ ತೂಕದ ಕಾಗದ 371(ಜೆ) ಅರ್ಹತಾ ಪ್ರಮಾಣಪತ್ರ. ಸಂವಿಧಾನದ 2012ರ 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟು, ಹೊರಗೆ ಶೇ. 8. ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆ ಇದರೊಳಗೆ ಬರುತ್ತವೆ. ಅಂದರೆ ಸಂಡೂರಿನ ಹುಡುಗನಿಗೆ ಕಲಬುರಗಿಯಲ್ಲಿ ಶೇ. 70ರ ಬಾಗಿಲು, ಧಾರವಾಡದಲ್ಲಿ ಶೇ. 8ರ ಕಿಟಕಿ. ಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಅದು ಕೈಗೆ ಬರುವ ದಿನವೂ ಸದರಿ ಅರ್ಜಿ ಸಾಯುವ ದಿನವೂ ಒಂದೇ ಆಗಿಬಿಡುವುದು ಕಾಕತಾಳೀಯ.

ಪ್ರಶ್ನೆ: ಮನೆ ಬಿಟ್ಟು ಹೋಗಲಾಗದವರಿಗೆ ದೂರಶಿಕ್ಷಣ ಇತ್ತಲ್ಲ?

ಅರ್ಜಿ: ಇತ್ತು. ಇಗ್ನೋದವರು ಯಾವುದೇ ಪದವಿ ಇದ್ದರೂ ಮನಃಶಾಸ್ತ್ರ ಎಂ.ಎ.ಗೆ ಸೇರಿಸಿಕೊಳ್ಳುತ್ತಿದ್ದರು. ಶಾಲಾ ಶಿಕ್ಷಕರು, ಮದುವೆಯಾದ ಹೆಣ್ಣುಮಕ್ಕಳು, ಎಚ್‌ಇಪಿಯವರು ನುಸುಳುತ್ತಿದ್ದ ಸಂದಿ ಅದು. 2021ರ ಆರೋಗ್ಯಪೂರಕ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಮನಃಶಾಸ್ತ್ರವೂ ಇದೆ ಎಂದು ಯುಜಿಸಿ 2025ರ ಜುಲೈ-ಆಗಸ್ಟ್ ಸಾಲಿನಿಂದ ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಇದನ್ನು ನಿಲ್ಲಿಸಿತು. ಅಂಚೆಯಲ್ಲಿ ಪುಸ್ತಕ ತರಿಸಿಕೊಂಡು ರೋಗಿಯನ್ನು ನೋಡುವುದು ಕಲಿಯಲಾಗದು ಎಂಬ ವಾದ ತಪ್ಪಲ್ಲ. ಸಂದಿ ಮುಚ್ಚಿದವರು ಹತ್ತಿರದಲ್ಲಿ ಬಾಗಿಲು ತೆರೆದಿದ್ದರೆ ವಾದ ಇನ್ನೂ ಚೆನ್ನಾಗಿರುತ್ತಿತ್ತು. ಈ ಕೊನೆಯ ವಾಕ್ಯ ಅಧಿಕೃತವಲ್ಲ.

ಪ್ರಶ್ನೆ: ಎಂ.ಎ. ಮುಗಿದರೆ ಚಿಕಿತ್ಸೆ ಕೊಡಬಹುದೇ?

ಅರ್ಜಿ: ಇಲ್ಲ. ಚಿಕಿತ್ಸಾ ಮನಃಶಾಸ್ತ್ರಜ್ಞ ಎಂದು ಬೋರ್ಡು ಹಾಕಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಅದಕ್ಕೆ ಪರಿಷತ್ತು ಒಪ್ಪಿದ ತರಬೇತಿ ಬೇಕು. ಬಹುಕಾಲದ ದಾರಿ ನಿಮ್ಹಾನ್ಸ್‌ನಂಥ ಸಂಸ್ಥೆಗಳ ಎರಡು ವರ್ಷದ ಎಂ.ಫಿಲ್. ದೇಶದಲ್ಲಿ ಎಂ.ಫಿಲ್. ರದ್ದಾದ ಮೇಲೂ ಈ ವಿಷಯಕ್ಕೆ ಯುಜಿಸಿ 2025-26ರವರೆಗೆ ವಿನಾಯಿತಿ ಕೊಟ್ಟಿತು. ಎಂ.ಎ. ಸೀಟು ಸಿಕ್ಕ ದಿನವೇ ಪೇಡೆ ಹಂಚುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಪೇಡೆ ಆದ ಮೇಲೆ ಹೇಳಬಹುದು.

ಪ್ರಶ್ನೆ: ಇಷ್ಟಕ್ಕೂ ಈ ಭಾಗಕ್ಕೆ ಮನಃಶಾಸ್ತ್ರ ಓದಿದವರ ಅಗತ್ಯ ಇದೆಯೇ?

ಅರ್ಜಿ: 1985ರಿಂದ 1990ರವರೆಗೆ ನಿಮ್ಹಾನ್ಸ್ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯವರು ಬೆಂಗಳೂರಿಗೆ ಅಲೆಯದೆ ಹತ್ತಿರದಲ್ಲೇ ಮದ್ದು ಪಡೆಯುವಂತೆ ಮಾಡುವುದು ಅದರ ಉದ್ದೇಶ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಇದನ್ನೇ ಆಧಾರ ಮಾಡಿಕೊಂಡು. ಹೊಸಪೇಟೆ, ಸಂಡೂರು, ಕಂಪ್ಲಿ ಮೂರೂ ಆಗ ಅದೇ ಜಿಲ್ಲೆಯಲ್ಲಿದ್ದವು. ವಿಜಯನಗರ ಬೇರೆಯಾದದ್ದು 2021ರಲ್ಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಚಿಕಿತ್ಸಾ ಮನಃಶಾಸ್ತ್ರಜ್ಞರ ಹುದ್ದೆಯೂ ಸೇರಿದೆ.

ಪ್ರಶ್ನೆ: ದೇಶಕ್ಕೆ ಮಾದರಿ ಕೊಟ್ಟ ನೆಲದ ಹುಡುಗಿ ಆ ಹುದ್ದೆಗೆ ಬೇಕಾದ ಓದಿಗೆ ರಾತ್ರಿ ರೈಲು ಹಿಡಿಯಬೇಕು ಎಂದಾಯಿತು.

ಅರ್ಜಿ: ಸೆಷನ್ ಅವಧಿ ಮುಗಿದಿದೆ. ದಯವಿಟ್ಟು ಮತ್ತೆ ಲಾಗಿನ್ ಆಗಿ.

ಮತ್ತೆ ಲಾಗಿನ್ ಆದಾಗ ಅರ್ಜಿಯಿಂದ ಸಿಕ್ಕದ್ದು ಅರ್ಜಿದಾರರಿಗೆ ಸೂಚನೆಗಳು ಮಾತ್ರ. ಅವುಗಳಲ್ಲಿ ಕೆಲಸಕ್ಕೆ ಬರುವವು ಮೂರು. 371(ಜೆ) ಪತ್ರಕ್ಕೆ ಪ್ರವೇಶ ಪ್ರಕಟಣೆ ಬರುವ ಮೊದಲೇ, ಪದವಿಯ ಕೊನೆಯ ವರ್ಷದಲ್ಲೇ ಅರ್ಜಿ ಕೊಡಬೇಕು. ಅಂಕಪಟ್ಟಿ, ಆಧಾರ್, ಪಾಸ್‌ಬುಕ್ಕಿನ ಹೆಸರನ್ನು ಅದಕ್ಕೂ ಮುಂಚೆ ಒಂದು ಮಾಡಿಸಿಕೊಳ್ಳಬೇಕು. ಶುಲ್ಕ ಕಟ್ಟುವ ಮುನ್ನ ಅರ್ಹತೆಯ ಸಾಲನ್ನು ಸೈಬರ್ ಸೆಂಟರಿನವರ ಬಾಯಲ್ಲಿ ಕೇಳಿ ಸುಮ್ಮನಾಗದೆ ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲೇ ಓದಬೇಕು. ಕಟ್ಟಿದ ಶುಲ್ಕ ಸಾಮಾನ್ಯವಾಗಿ ವಾಪಸು ಬರುವುದಿಲ್ಲ.